ಅಬ್ಬಬ್ಬನವರ ದೂರು ಸಂಖ್ಯೆ ಒಂದು

ಕೆಲವರಿಗೆ ಸಿಟ್ಟು ಬೇಗ ಬರುತ್ತದೆ, ಕೆಲವರಿಗೆ ನಿದ್ದೆ ಬೇಗ ಬರುತ್ತದೆ. ನಮ್ಮ ಕಥೆಯ ಮನುಷ್ಯರಿಗೆ ಬೇಗ ಬರುತ್ತಿದ್ದದ್ದು ಬೆರಗು. ಕಂಬ ಹತ್ತಿ ತಂತಿ ಜೋಡಿಸುವವನನ್ನು ಕಂಡರೆ ಅವರು ತಲೆ ಮೇಲೆತ್ತಿ ನಿಂತು ಮೆಲ್ಲಗೆ 'ಅಬ್ಬಬ್ಬ' ಎನ್ನುತ್ತಿದ್ದರು. ಒಂದೇ ಬಸ್ಸಿಗೆ ತೊಂಬತ್ತು ಮಂದಿ ಹತ್ತಿದರೆ, ಆ ತೊಂಬತ್ತರಲ್ಲಿ ತಾವೂ ಒಬ್ಬರಾಗಿ ಒಂಟಿ ಕಾಲಿನಲ್ಲಿ ಜೋತಾಡುತ್ತಿದ್ದರೂ, 'ಅಬ್ಬಬ್ಬ' ಎನ್ನುತ್ತಿದ್ದರು. ಹೀಗಾಗಿ ಓಣಿಯವರು ಅವರ ನಿಜವಾದ ಹೆಸರನ್ನು ಎಂದೋ ಮರೆತು ಅಬ್ಬಬ್ಬನವರು ಎಂದೇ ಕರೆಯುತ್ತಿದ್ದರು. ತಮ್ಮ ಹೆಸರನ್ನು ಇಷ್ಟು ಜನ ಒಟ್ಟಿಗೆ ಮರೆತದ್ದೂ ಅವರಿಗೆ ಒಂದು ಬೆರಗೇ.

ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ಗೋಡೆಯ ಅಕ್ಷರ ಓದಿಸಿ, ಮೂಗಿನ ಮೇಲೆ ಗಾಜು ಬದಲಾಯಿಸಿ ಬದಲಾಯಿಸಿ 'ಈಗ ಹೇಗಿದೆ? ಈಗ?' ಎಂದು ಕೇಳುತ್ತಾ ಇಪ್ಪತ್ತಾರು ವರ್ಷ ಕಳೆದಿದ್ದರು. ನಗರದ ಅರ್ಧ ಜನಕ್ಕೆ ಕಣ್ಣು ಕಾಣಿಸುವಂತೆ ಮಾಡಿದ್ದು ತಾನೇ ಎಂಬ ಸಣ್ಣ ಹೆಮ್ಮೆ ಅವರಿಗಿತ್ತು. ಅದರ ಪಕ್ಕದಲ್ಲಿಯೇ ಇನ್ನೊಂದು, ಸ್ವಲ್ಪ ದೊಡ್ಡ ಹೆಮ್ಮೆಯೂ ಇತ್ತು. ತಾನೊಬ್ಬ ಚಿಂತಕ ಎಂದು ಅವರು ನಂಬಿದ್ದರು. ನಗರ, ಜನ, ರಾಜಕಾರಣ, ಬಸ್ಸು, ನಲ್ಲಿ ಎಲ್ಲದರ ಬಗ್ಗೆಯೂ ಅವರಿಗೆ ಒಂದೊಂದು ವಿಚಾರವಿತ್ತು.

ಮನೆಯಲ್ಲಿ ಈ ವಿಚಾರಗಳಿಗೆ ಬೇಡಿಕೆ ಇರಲಿಲ್ಲ. ಹೆಂಡತಿ ಮದುವೆಯಾದ ಮೊದಲ ನಾಲ್ಕು ವರ್ಷ ಕೇಳಿಸಿಕೊಂಡಿದ್ದರು. ಅದು ಅವರ ಒಳ್ಳೆಯತನ. ಐದನೆಯ ವರ್ಷ ಒಂದು ದಿನ ಪಾತ್ರೆ ಒರೆಸುತ್ತಾ, "ನೋಡಿ, ನೀವು ಯೋಚನೆ ಮಾಡೋದಕ್ಕೆ ನನ್ನ ಅಡ್ಡಿಯಿಲ್ಲ, ಸದ್ದಿಲ್ಲದೆ ಮಾಡಿ," ಎಂದುಬಿಟ್ಟರು. ಅಂದಿನಿಂದ ಅಬ್ಬಬ್ಬನವರ ಹೊಟ್ಟೆಯಲ್ಲಿ ವಿಚಾರಗಳು ಹೊರಬರಲು ದಾರಿ ಕಾಣದೆ ಒದ್ದಾಡುತ್ತಿದ್ದವು.

ಅಂಥ ಮನುಷ್ಯರು ಒಂದು ಬುಧವಾರ ವಿಳಾಸದ ದೃಢೀಕರಣ ಪತ್ರ ಬೇಕೆಂದು ವಾರ್ಡ್ ಕಚೇರಿಗೆ ಹೋದರು. ಗುಮಾಸ್ತರ ಕುರ್ಚಿಯಲ್ಲಿ ಗುಮಾಸ್ತರು ಇರಲಿಲ್ಲ, ಅವರ ಕೋಟು ಇತ್ತು. ಕೋಟು ಇದ್ದರೆ ಗುಮಾಸ್ತರು ಹಾಜರಿದ್ದಾರೆಂದು ಲೆಕ್ಕ ಎಂಬುದಾಗಿ ಜವಾನ ತಿಳಿಸಿ ತಾನೂ ಎಲ್ಲಿಗೋ ಹೋದ. ಅಬ್ಬಬ್ಬನವರು ಬೆಂಚಿನ ಮೇಲೆ ಕುಳಿತರು. ಗೋಡೆ ನೋಡಿದರು, ಸೂರು ನೋಡಿದರು, ತಿರುಗದ ಫ್ಯಾನು ನೋಡಿದರು. ಆಮೇಲೆ ಮೊಳೆಗೆ ನೇತುಹಾಕಿದ್ದ ದಪ್ಪ ಪುಸ್ತಕವೊಂದು ಕಣ್ಣಿಗೆ ಬಿತ್ತು. ಅದಕ್ಕೆ ದಾರದಲ್ಲಿ ಒಂದು ಪೆನ್ನು ಕಟ್ಟಿತ್ತು. ತೆರೆದು ನೋಡಿದರೆ ಹಾಳೆಗಳೆಲ್ಲ ಖಾಲಿ. ಹಸಿದವನ ಮುಂದೆ ಎಲೆ ಹಾಕಿದಂತಾಯಿತು.

ಪುಸ್ತಕದ ರಟ್ಟಿನ ಮೇಲೆ 'ಸಾರ್ವಜನಿಕರ ದೂರುಗಳು' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಇಪ್ಪತ್ತಾರು ವರ್ಷ ಊರಿಗೆಲ್ಲ ಅಕ್ಷರ ಓದಿಸಿದ ಮನುಷ್ಯರು ಅದೊಂದನ್ನು ಓದಲಿಲ್ಲ. ಪೆನ್ನು ಹಿಡಿದರು, ಬರೆದರು. ದಾರ ಗಿಡ್ಡವಾಗಿದ್ದರಿಂದ ಕತ್ತು ಓರೆ ಮಾಡಿಕೊಂಡು, ಒಂದು ಮೊಣಕಾಲೂರಿ ಬರೆದರು. ನಗರದ ಬೆಳಗು, ಬಸ್ಸಿನ ಜನ, ಪ್ರತಿ ಚುನಾವಣೆಯಲ್ಲೂ ಹೊಸದಾಗಿಯೇ ಕಾಣುವ ಹಳೆಯ ಭರವಸೆಗಳು, ಎಲ್ಲವೂ ಬಂದವು. ಕೊನೆಗೆ ತಮ್ಮ ಓಣಿಗೆ ಬಂದರು.

'ಈ ನಗರದಲ್ಲಿ ಲಕ್ಷಾಂತರ ಜನ ಇದ್ದೇವೆ. ಯಾರಿಗೂ ಯಾರ ಮುಖ ನೋಡಲೂ ಪುರಸೊತ್ತಿಲ್ಲ. ಆದರೆ ನಮ್ಮ ಓಣಿಯಲ್ಲಿ, ಹೊಲಿಗೆ ಯಂತ್ರದ ಪಕ್ಕ, ಒಂದು ತಿರುವು ಇದೆ. ಅಲ್ಲಿ ಇಬ್ಬರು ಒಟ್ಟಿಗೆ ದಾಟಲಾಗದು. ಒಬ್ಬರು ಗೋಡೆಗೆ ಒರಗಬೇಕು, ಇನ್ನೊಬ್ಬರು ಹೋಗಬೇಕು. ಮುಖ ನೋಡದೆ ವಿಧಿಯಿಲ್ಲ. ಒಮ್ಮೆ ನಮ್ಮ ವಾರ್ಡಿನ ಸದಸ್ಯರೇ ಅಲ್ಲಿ ನನಗೆ ದಾರಿ ಬಿಟ್ಟು ನಿಂತರು. ಅದೂ ಚುನಾವಣೆಗೆ ಇನ್ನೂ ಮೂರು ವರ್ಷ ಇರುವಾಗ. ಅದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ.'

ಕೆಳಗೆ ಹೆಸರು, ವಿಳಾಸ ಬರೆದು ರುಜು ಹಾಕಿದರು. ಪಕ್ಕದಲ್ಲಿ 'ಕೈಗೊಂಡ ಕ್ರಮ' ಎಂಬ ಕಾಲಂ ಖಾಲಿ ಇತ್ತು. ಅದು ಓದುಗರ ಅಭಿಪ್ರಾಯಕ್ಕೆ ಬಿಟ್ಟ ಜಾಗವೆಂದು ಅವರು ಭಾವಿಸಿದರು. ದೃಢೀಕರಣ ಪತ್ರದ ಸಂಗತಿ ಮರೆತು, ಹೊಟ್ಟೆ ಹಗುರಾದ ಸುಖದಲ್ಲಿ ಮನೆಗೆ ನಡೆದರು.

ಎಂಟು ದಿನ ಕಳೆದ ಮೇಲೆ ಗುಮಾಸ್ತರು, ಈ ಸಲ ಕೋಟಿನ ಒಳಗೇ, ಓಣಿಗೆ ಬಂದರು. ಕೈಯಲ್ಲಿ ಆ ಪುಸ್ತಕವಿತ್ತು. ಸರ್ಕಾರದ ಕಡೆಯವರು ಓಣಿಗೆ ಬಂದರೆಂದರೆ ಸಾಮಾನ್ಯವಾಗಿ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಕಿಟಕಿ ತೆರೆದುಕೊಳ್ಳುತ್ತಾರೆ. ಹಾಗೆಯೇ ಆಯಿತು. ಗುಮಾಸ್ತರು ಅಬ್ಬಬ್ಬನವರ ಮನೆಯಲ್ಲಿ ಕುಳಿತು, ಬೆವರು ಒರೆಸಿಕೊಂಡು, ತಮ್ಮ ಕಷ್ಟ ಹೇಳಿಕೊಂಡರು. ಹನ್ನೊಂದು ವರ್ಷದ ಹಿಂದೆ ಆ ಪುಸ್ತಕ ನೇತುಹಾಕಿದ್ದಂತೆ. ಅದರಲ್ಲಿ ಒಬ್ಬರೂ ಒಂದಕ್ಷರ ಬರೆದಿರಲಿಲ್ಲವಂತೆ. ತಿಂಗಳ ಕೊನೆಗೆ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರಂತೆ. ಈಗ ದೂರು ಸಂಖ್ಯೆ ಒಂದು ಬಂದು ಕೂತಿದೆ, ಕ್ರಮದ ಕಾಲಂ ಖಾಲಿ ಬಿಡುವ ಹಾಗಿಲ್ಲ.

ಅಬ್ಬಬ್ಬನವರ ಕಿವಿಗೆ ಇದರಲ್ಲಿ ಬಿದ್ದದ್ದು ಒಂದೇ ಸಂಗತಿ.

"ಅಂದರೆ ನೀವು ಪೂರ್ತಿ ಓದಿದಿರಾ?"

"ಎರಡು ಸಲ ಓದಿದೆ, ಸ್ವಾಮಿ. ಎಂಜಿನಿಯರ್ ಸಾಹೇಬರು ಮೂರು ಸಲ ಓದಿದರು."

ಅಬ್ಬಬ್ಬನವರು ಅಡುಗೆಮನೆಯ ಕಡೆ ನೋಡಿದರು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಸರ್ಕಾರ ಮೂರು ಸಲ ಓದಿದ್ದನ್ನು ಮನೆಯವರು ಒಂದು ಸಲವೂ ಕೇಳಲಿಲ್ಲವಲ್ಲ ಎಂಬ ಅರ್ಥ ಆ ನೋಟದಲ್ಲಿತ್ತು. ಆ ಸಂತೋಷದಲ್ಲಿ ಗುಮಾಸ್ತರು ಮುಂದಿಟ್ಟ ಮೂರು ಹಾಳೆಗಳಿಗೂ ಓದದೆ ರುಜು ಹಾಕಿಕೊಟ್ಟರು. ಗುಮಾಸ್ತರು ಅವರ ಒಂದೂವರೆ ಪುಟದ ಚಿಂತನೆಯನ್ನು ಕಚೇರಿಯ ಭಾಷೆಗೆ ಇಳಿಸಿ, 'ಹೊಲಿಗೆ ಯಂತ್ರದ ಬಳಿ ಸಂಚಾರಕ್ಕೆ ಅಡಚಣೆ; ಸದಸ್ಯರಿಗೂ ತೊಂದರೆಯಾಗಿದೆ; ಅರ್ಜಿದಾರರು ಮಾತೇ ಹೊರಡದಷ್ಟು ನೊಂದಿದ್ದಾರೆ' ಎಂದು ಬರೆದಿದ್ದರು.

ಓಣಿಯಲ್ಲಿ ಅಬ್ಬಬ್ಬನವರ ತೂಕ ಒಂದೇ ಸಂಜೆಯಲ್ಲಿ ಏರಿತು. ಸರ್ಕಾರವೇ ಮನೆ ಹುಡುಕಿಕೊಂಡು ಬರುವ ಮನುಷ್ಯ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಎದುರುಮನೆಯ ನಿವೃತ್ತರು, ಎದ್ದರೆ ಮಂಡಿ ನೋಯುತ್ತದೆಂದು ಮಗಳ ಮಾವನಿಗೂ ಎದ್ದು ನಿಲ್ಲದವರು, ಇವರನ್ನು ಕಂಡು ಎದ್ದು ನಿಂತರು. ಹೆಂಡತಿಯ ತಮ್ಮ ನಗರದ ಇನ್ನೊಂದು ತುದಿಯಿಂದ ಬಸ್ಸು ಹಿಡಿದು ಬಂದ. ಅವನಿಗೆ ಲೋಕದಲ್ಲಿ ತಿಳಿಯದ ವಿಷಯವಿಲ್ಲ, ಮುಗಿಸಿದ ಕೆಲಸವೂ ಇಲ್ಲ. ಇನ್ನು ಮೇಲೆ ಭಾವ ಬೀದಿಯಲ್ಲಿ ನಿಧಾನವಾಗಿ ನಡೆಯಬೇಕು, ಕೇಳಿದ ತಕ್ಷಣ ಉತ್ತರ ಕೊಡಬಾರದು, ಸಾಧ್ಯವಾದರೆ ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು ಎಂದು ಪಾಠ ಹೇಳಿದ. ಮರುದಿನ ಅಬ್ಬಬ್ಬನವರು ಅಂಗಡಿಗೆ ಅಷ್ಟು ನಿಧಾನವಾಗಿ ನಡೆದರೆಂದರೆ, ಮಾಲೀಕರು ಕಾಲಿಗೇನಾಯಿತು ಎಂದು ಕೇಳಿದರು.

ಶುಕ್ರವಾರ ಎಂಜಿನಿಯರ್ ಬಂದರು. ಮಾತಿಲ್ಲದ, ಬಾಡಿದ ಮುಖದ ಮನುಷ್ಯರು. ತಿರುವಿನಲ್ಲಿ ನಿಂತು ಅಳತೆ ತೆಗೆದರು.

ಈ ತಿರುವಿನ ವಿಷಯ ಸ್ವಲ್ಪ ಹೇಳಬೇಕು. ನಗರಸಭೆಯದೊಂದು ಪಾಳುಬಿದ್ದ ಪಂಪ್‌ಹೌಸು ಓಣಿಯೊಳಕ್ಕೆ ಮೂಗು ಚಾಚಿ ನಿಂತಿತ್ತು. ದಾರಿ ಅದನ್ನು ಬಳಸಿ ತಿರುಗಬೇಕಾದದ್ದರಿಂದಲೇ ಅಲ್ಲಿ ಕಿರಿದಾಗಿತ್ತು. ಆ ಗೋಡೆ ಒಳಕ್ಕೆ ಸರಿದು ಗೂಡಿನಂತಾಗಿದ್ದ ಕಡೆ ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಮೇಲೊಂದು ತಗಡು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದವರು ಟೇಪಕ್ಕ. ಕುತ್ತಿಗೆಗೆ ಸದಾ ಅಳತೆಯ ಟೇಪು ಹಾಕಿಕೊಂಡಿರುತ್ತಿದ್ದರಿಂದ ಆ ಹೆಸರು. ಹರಿದದ್ದು, ಬಿಗಿಯಾದದ್ದು, ಸಡಿಲವಾದದ್ದು ಎಲ್ಲ ಅವರ ಬಳಿಗೆ ಹೋಗುತ್ತಿತ್ತು. ಓಣಿಯ ಪ್ರತಿಯೊಬ್ಬರ ಸೊಂಟದ ಇತಿಹಾಸ ಅವರಿಗೆ ಬಾಯಿಪಾಠ. ಆದರೂ ಯಾರ ಸುತ್ತಳತೆಯನ್ನೂ ಅವರು ಇನ್ನೊಬ್ಬರ ಮುಂದೆ ಹೇಳಿದವರಲ್ಲ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಅದೇ ಯಂತ್ರ ತುಳಿದು ಓದಿಸಿದ್ದರು.

ಎಂಜಿನಿಯರ್ ಟೇಪಕ್ಕನ ತಲೆಯ ಮೇಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರದ ಗುರುತು ಹಾಕಿಸಿದರು. ಮುಂದಿನ ಗುರುವಾರ ಪಂಪ್‌ಹೌಸು ಕೆಡವುತ್ತಾರೆ, ಯಂತ್ರ ಎತ್ತಬೇಕು. ಯಾಕೆ ಎಂದು ಟೇಪಕ್ಕ ಕೇಳಿದ್ದಕ್ಕೆ ಸಹಾಯಕ ಕಾಗದ ನೋಡಿ ದೂರು ಕೊಟ್ಟವರ ಹೆಸರು ಓದಿದ. ಆ ಹೆಸರು ಯಾರದೆಂದು ಓಣಿಗೆ ಹೊಳೆಯಲು ಕಾಲು ಗಂಟೆ ಹಿಡಿಯಿತು.

ಹೊಳೆದ ಮೇಲೆ ಎದುರುಮನೆಯ ನಿವೃತ್ತರಿಗೆ ಮಂಡಿ ನೋವು ಮತ್ತೆ ಶುರುವಾಯಿತು. ಸಂಜೆ ಅಬ್ಬಬ್ಬನವರು ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು ನಿಧಾನವಾಗಿ ಬಂದಾಗ ಯಾರೂ ಮುಖ ಕೊಡಲಿಲ್ಲ. ಟೇಪಕ್ಕ ಅವರ ಪ್ಯಾಂಟು ಮಡಚಿ ಕೈಗಿಟ್ಟರು. ಅಂಚು ಮಡಿಸಲು ಕೊಟ್ಟಿದ್ದ ಪ್ಯಾಂಟು. ಒಂದು ಕಾಲು ಮಡಿಸಿತ್ತು, ಇನ್ನೊಂದು ನೆಲ ಗುಡಿಸುವಷ್ಟು ಉದ್ದವಿತ್ತು.

"ಒಂದು ಕಾಲು ಆಗಿತ್ತು, ಅಷ್ಟರಲ್ಲಿ ನಿಮ್ಮ ಕಾಗದ ಬಂತು," ಎಂದರು ಟೇಪಕ್ಕ. "ದಾರಿಗೆ ಅಡ್ಡ ಆಗಿದ್ದೀನಿ ಅಂತ ನನ್ನ ಹತ್ತಿರವೇ ಒಂದು ಮಾತು ಹೇಳಬಹುದಿತ್ತು, ಅಣ್ಣ."

ಅಬ್ಬಬ್ಬನವರಿಗೆ ಆಕಾಶ ಕಳಚಿ ತಲೆಯ ಮೇಲೆ ಬಿದ್ದಂತಾಯಿತು. ತಾನು ಬರೆದದ್ದು ದೂರಲ್ಲ, ಮೆಚ್ಚುಗೆ ಎಂದು ಹೇಳಲು ಹೋದರು. ಆದರೆ ಮೆಚ್ಚಿಕೊಂಡದ್ದಕ್ಕೆ ಗೋಡೆಗೆ ಕೆಂಪು ಗುರುತು ಬೀಳುತ್ತದೆಂದು ಯಾರನ್ನು ನಂಬಿಸುವುದು? ಹೆಂಡತಿ ಮನೆಯಲ್ಲಿ ಇನ್ನೊಂದು ಕಾಲನ್ನು ಸಿಕ್ಕ ದಾರದಲ್ಲಿ ಮಡಿಸಿಕೊಟ್ಟು, ಬಿಳಿ ಹೊಲಿಗೆ ಎದ್ದು ಕಂಡರೆ ಕಾಣಲಿ, ಇದು ನಿಮ್ಮ ಚಿಂತನೆಯ ಫಲ ಎಂದರು. ಆಮೇಲೆ ದನಿ ಇಳಿಸಿ ಹೇಳಿದರು: "ಆಕೆ ಅಲ್ಲಿಂದ ಎದ್ದರೆ ನಾನಂತೂ ಈ ಓಣಿಯಲ್ಲಿ ತಲೆ ಎತ್ತಿ ನಡೆಯಲ್ಲ. ಹೋಗಿ, ಬರೆದದ್ದನ್ನ ವಾಪಸ್ ತಗೊಂಡು ಬನ್ನಿ."

ಸೋಮವಾರ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಅಬ್ಬಬ್ಬನವರು ಅಲ್ಲಿದ್ದರು. ಗುಮಾಸ್ತರು ಎಲ್ಲ ಕೇಳಿಸಿಕೊಂಡು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಇದು ಗಂಭೀರ ವಿಷಯವೆಂಬ ಸೂಚನೆ ಅದು.

"ವಾಪಸ್ ಪಡೆಯೋದಕ್ಕೆ ಕಾಲಂ ಇಲ್ಲ, ಸ್ವಾಮಿ."

"ನನಗೆ ದೂರೇ ಇಲ್ಲವಲ್ಲ. ಆ ತಿರುವಿನ ಬಗ್ಗೆ ನನಗೆ ತುಂಬ ಸಂತೋಷ ಇದೆ."

"ಸಂತೋಷ ಇರೋರು ಯಾರು ಸ್ವಾಮಿ ಕಚೇರಿಗೆ ಬಂದು ಬರೀತಾರೆ? ನನ್ನ ಸರ್ವೀಸಿನಲ್ಲಿ ಇಂಥದ್ದು ನೋಡಿಲ್ಲ. ಸಂತೋಷಕ್ಕೆ ಏನು ಕ್ರಮ ತಗೊಳ್ಳೋದು, ನೀವೇ ಹೇಳಿ."

ಅದೇ ಹೊತ್ತಿಗೆ ವಾರ್ಡಿನ ಸದಸ್ಯರು ಐದಾರು ಹಿಂಬಾಲಕರ ಸಮೇತ ಒಳಗೆ ಬಂದರು. ಭಾರೀ ಆಳು, ಬಿಳಿ ಅಂಗಿ, ದೊಡ್ಡ ದನಿ. ಅವರಿಗೂ ಸುದ್ದಿ ಮುಟ್ಟಿತ್ತು, ಅದೂ ಬೇರೆ ಥರ. ಓಣಿಯಲ್ಲಿ ಸದಸ್ಯರಿಗೇ ದಾರಿಯಿಲ್ಲ ಎಂದು ಎದುರು ಪಕ್ಷದವರು ಯಾರೋ ಕನ್ನಡಕದವನ ಕೈಯಲ್ಲಿ ಬರೆಸಿದ್ದಾರೆ ಎಂದು ಅವರ ತಿಳಿವಳಿಕೆ. ಅಬ್ಬಬ್ಬನವರು ಕೈಮುಗಿದು ತಾನು ಯಾವ ಪಕ್ಷಕ್ಕೂ ಸೇರಿದವನಲ್ಲ ಎಂದರು. ಯಾವ ಪಕ್ಷಕ್ಕೂ ಸೇರದವರೇ ಹೆಚ್ಚು ಅಪಾಯ ಎಂದು ಸದಸ್ಯರು ಹಿಂಬಾಲಕರಿಗೆ ವಿವರಿಸಿದರು. ಕೆಡವಿಸಿದ ಹೆಸರು ಎದುರು ಪಕ್ಷಕ್ಕೆ ಹೋಗಬಾರದೆಂದು ಗುರುವಾರ ತಾವೇ ಖುದ್ದಾಗಿ ಬಂದು, ಛಾಯಾಗ್ರಾಹಕನನ್ನೂ ಕರೆತಂದು, ಮೊದಲ ಏಟು ತಾವೇ ಹಾಕುವುದಾಗಿ ಘೋಷಿಸಿದರು. ಇದನ್ನು ಎಂಜಿನಿಯರಿಗೆ ತಿಳಿಸಿ ಎಂದು ಗುಮಾಸ್ತರಿಗೆ ಹೇಳಿದರು. ಎಂಜಿನಿಯರ್ ಮೂರು ಅಡಿ ದೂರದಲ್ಲಿ, ಪಕ್ಕದ ಮೇಜಿನಲ್ಲಿಯೇ ಕೂತಿದ್ದರು. ಯಾವುದೋ ಚರಂಡಿಯ ವಿಷಯಕ್ಕೆ ಜಗಳವಾಗಿ ಇಬ್ಬರೂ ಮೂರು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಗುಮಾಸ್ತರು ಎದ್ದು, ಮೂರು ಅಡಿ ನಡೆದು, ತಿಳಿಸಿದರು.

ಗುರುವಾರ ಬಂತು. ಅಬ್ಬಬ್ಬನವರು ಅಂಗಡಿಗೆ ರಜೆ ಹಾಕಿ, ಯಂತ್ರದ ಮುಂದೆ ನಿಂತುಕೊಂಡರು. ಏನು ಮಾಡಬೇಕೆಂದು ತಿಳಿದಿರಲಿಲ್ಲ. ಮೊದಲ ಏಟು ತನ್ನ ಮೇಲೆ ಬೀಳಲಿ ಎಂದಷ್ಟೇ ನಿಶ್ಚಯಿಸಿದ್ದರು. ಭಾಮೈದನೂ ಬೆಂಬಲಕ್ಕೆ ಬಂದವನು, ದೂರದಿಂದ ನೋಡಿದರೆ ಪರಿಸ್ಥಿತಿ ಪೂರ್ತಿ ಕಾಣುತ್ತದೆಂದು ಮಹಡಿ ಹತ್ತಿದ. ಟೇಪಕ್ಕ ಯಂತ್ರ ತುಳಿಯುತ್ತಲೇ ಇದ್ದರು. ಒಪ್ಪಿಕೊಂಡ ಬಟ್ಟೆ ಮುಗಿಸಿಯೇ ಏಳುತ್ತೇನೆ ಎಂದಿದ್ದರು.

ಓಣಿಯ ಈ ತುದಿಯಿಂದ ಎಂಜಿನಿಯರ್ ಹಾರೆ ಹಿಡಿದ ಎಂಟು ಆಳುಗಳು, ಪುಸ್ತಕ ಹಿಡಿದ ಗುಮಾಸ್ತರೊಂದಿಗೆ ಬಂದರು. ಆ ತುದಿಯಿಂದ ಸದಸ್ಯರು ಹಿಂಬಾಲಕರು, ಛಾಯಾಗ್ರಾಹಕ, ಕುತೂಹಲದ ಜನ ಎಲ್ಲರೊಂದಿಗೆ ಬಂದರು. ಇಬ್ಬರೂ ಸರಿಯಾಗಿ ತಿರುವಿನಲ್ಲಿಯೇ ಎದುರಾದರು. ಸದಸ್ಯರ ಹೊಟ್ಟೆ ಎಂಜಿನಿಯರರ ಕಡತಕ್ಕೆ ತಾಗಿ ನಿಂತಿತು. ಒಬ್ಬರು ಸರಿಯಬೇಕು. ಯಾರು? ಜನ ಆರಿಸಿದವರು ಸರಿಯುವುದೆ? ಸರ್ಕಾರ ನೇಮಿಸಿದವರು ಸರಿಯುವುದೆ? ಹಿಂದಕ್ಕೆ ಹೋಗೋಣವೆಂದರೆ ಎರಡೂ ಕಡೆ ಜನ ಒತ್ತಿ ನಿಂತಿದ್ದಾರೆ. ಇಬ್ಬರೂ ಆಕಾಶ ನೋಡಿದರು, ನೆಲ ನೋಡಿದರು. ಅಷ್ಟು ಇಕ್ಕಟ್ಟಿನಲ್ಲಿ ಎಷ್ಟು ಹೊತ್ತು ಅಂತ ಆಕಾಶ ನೋಡುವುದು? ಕಡೆಗೆ ಕತ್ತು ನೋವು ಬಂದು ಸದಸ್ಯರು ಎದುರಿನ ಮುಖ ನೋಡಿದರು. ಒಂದು ಗೇಣಿನ ದೂರದಿಂದ ನೋಡಿದರು.

ನೋಡುತ್ತಾ ಅವರ ದನಿ ತಾನಾಗಿ ಸಣ್ಣದಾಯಿತು.

"ಏನ್ರೀ ಇದು, ಮುಖ ಹೀಗೆ ಇಳಿದುಹೋಗಿದೆ? ಹುಷಾರಿಲ್ಲವಾ?"

ಎಂಜಿನಿಯರ್ ಕಡತ ಕೆಳಗಿಳಿಸಿದರು. "ಅಮ್ಮ ಹೋಗಿಬಿಟ್ಟರು, ಸಾರ್. ಇಪ್ಪತ್ತು ದಿನ ಆಯಿತು."

"ಇಪ್ಪತ್ತು ದಿನ," ಎಂದರು ಸದಸ್ಯರು. "ನಾನು ದಿನಾ ನಿಮ್ಮ ಪಕ್ಕದ ಮೇಜಿಗೆ ಬಂದು ಹೋಗಿದ್ದೀನಲ್ರೀ."

ಯಂತ್ರದ ಸದ್ದು ಬಿಟ್ಟರೆ ಓಣಿಯಲ್ಲಿ ಬೇರೆ ಸದ್ದಿರಲಿಲ್ಲ. ಹಾರೆ ಹಿಡಿದವರು ಹಾರೆ ಕೆಳಗಿಟ್ಟರು. ಸದಸ್ಯರು ಆ ಭಾರೀ ದೇಹವನ್ನು ಒಂದು ಕಡೆ ತಿರುಗಿಸಿ, ಉಸಿರು ಒಳಕ್ಕೆಳೆದು ಗೋಡೆಗೆ ಒರಗಿ ನಿಂತರು. ಎಂಜಿನಿಯರರ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ದಾಟಿಸಿದರು. ಛಾಯಾಗ್ರಾಹಕ ಚಿತ್ರ ತೆಗೆಯುವುದನ್ನೇ ಮರೆತ. ಅಬ್ಬಬ್ಬನವರ ಕಣ್ಣು ತುಂಬಿ ಬಂತು. ಅವರು ಇಷ್ಟು ದಿನ ಬೆರಗು ಎಂದುಕೊಂಡಿದ್ದದ್ದೆಲ್ಲ ಇದರ ಮುಂದೆ ಬರೀ ಅಭ್ಯಾಸ ಅನ್ನಿಸಿತು.

ಎಂಜಿನಿಯರ್ ಗುಮಾಸ್ತರ ಕೈಯಿಂದ ಪುಸ್ತಕ ಇಸಿದುಕೊಂಡು, ಅಬ್ಬಬ್ಬನವರ ಪುಟವನ್ನು ನಿಂತಲ್ಲೇ ನಾಲ್ಕನೆಯ ಸಲ ಓದಿದರು. ಕ್ರಮದ ಕಾಲಮಿನಲ್ಲಿ ನಿಧಾನವಾಗಿ ಬರೆದರು: 'ಸ್ಥಳಕ್ಕೆ ಹೋಗಿ ನಿಂತು ನೋಡಲಾಯಿತು. ಅರ್ಜಿದಾರರು ಬರೆದಿರುವುದು ನಿಜ.' ಕೆಳಗೆ ರುಜು ಹಾಕಿದರು. ಸದಸ್ಯರು ಬಗ್ಗಿ ನೋಡಿ, ತಮ್ಮದೂ ಒಂದು ಇರಲಿ ಎಂದು ರುಜು ಹಾಕಿದರು. ಈ ಥರದ ಕ್ರಮಕ್ಕೆ ಮೇಲಧಿಕಾರಿಗಳು ಏನನ್ನುತ್ತಾರೋ ಎಂದು ಗುಮಾಸ್ತರಿಗೆ ಬೆವರು ಬಂತು. ಆದರೆ ಕಾಲಂ ತುಂಬಿತ್ತು. ಖಾಲಿ ಕಾಲಮಿನ ಬಗ್ಗೆ ಮಾತ್ರ ಕೇಳುವುದು ಮೇಲಧಿಕಾರಿಗಳ ಪದ್ಧತಿ.

ಆಳುಗಳು ಹಾರೆ ಎತ್ತಿಕೊಂಡು ಹೋದರು. ಜನ ಚೆದುರಿದರು. ಭಾಮೈದ ಮಹಡಿಯಿಂದಿಳಿದು, ತಾನು ಅಂದುಕೊಂಡ ಹಾಗೇ ಎಲ್ಲ ನಡೆಯಿತೆಂದು ಹೇಳಿ ಊಟ ಮಾಡಿ ಹೋದ. ಟೇಪಕ್ಕ ಮಾತ್ರ ಅಬ್ಬಬ್ಬನವರನ್ನು ನಿಲ್ಲಿಸಿ, ಅಂಥದ್ದೇನು ಬರೆದಿದ್ದಿರಿ ಎಂದು ಕೇಳಿದರು. ಅಬ್ಬಬ್ಬನವರಿಗೆ ಒಂದೊಂದಕ್ಷರವೂ ಬಾಯಿಗೆ ಬರುತ್ತಿತ್ತು. ನಗರ, ಲಕ್ಷಾಂತರ ಜನ, ತಿರುವು, ಮುಖ, ಸದಸ್ಯರು, ಎಲ್ಲ ಹೇಳಿದರು. ಟೇಪಕ್ಕ ಕೊನೆಯವರೆಗೂ ಕೇಳಿದರು.

"ಚೆನ್ನಾಗಿದೆ," ಎಂದರು. "ಇದರಲ್ಲಿ ನಾನೆಲ್ಲಿ ಬರ್ತೀನಿ?"

ಅಬ್ಬಬ್ಬನವರು ತಾವು ಬರೆದದ್ದನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡರು. ಅವರು ಬರೆದದ್ದು 'ಹೊಲಿಗೆ ಯಂತ್ರದ ಪಕ್ಕ' ಎಂದು. ಗುರುತಿಗೆ ಕಂಬ ಬರೆದಂತೆ, ಯಂತ್ರ ಬರೆದಿದ್ದರು. ಟೇಪಕ್ಕ ಸಿಟ್ಟಾಗಲಿಲ್ಲ. ದಾರ ಕಚ್ಚಿ ಕಡಿದು, ಇನ್ನೊಂದು ಬಟ್ಟೆ ಕೈಗೆತ್ತಿಕೊಂಡರು. ಸಿಟ್ಟಾಗಿದ್ದರೆ ಅಬ್ಬಬ್ಬನವರಿಗೆ ಆ ಮಧ್ಯಾಹ್ನದ ಊಟ ಸೇರುತ್ತಿತ್ತೋ ಏನೋ.

ಮರುದಿನ ಅಂಗಡಿಗೆ ಹೋಗುವ ಮೊದಲು ಅವರು ಅರ್ಧ ಗಂಟೆ ತಿರುವಿನಾಚೆ ನಿಂತು ಸುಮ್ಮನೆ ನೋಡಿದರು. ಇಪ್ಪತ್ತೆರಡು ವರ್ಷ ದಿನವೂ ದಾಟಿದ ಜಾಗವನ್ನು ನೋಡಿದರು. ನೋಡಿದವರು ನೇರವಾಗಿ ವಾರ್ಡ್ ಕಚೇರಿಗೆ ಓಡಿ ಪುಸ್ತಕಕ್ಕೆ ಕೈಹಾಕಿದರು. ಗುಮಾಸ್ತರು ಮೇಜು ಬಳಸಿ ಬಂದು ಎರಡೂ ಕೈಯಲ್ಲಿ ಪುಸ್ತಕವನ್ನು ಎದೆಗವಚಿಕೊಂಡರು.

"ಬೇಡ, ಸ್ವಾಮಿ. ಯಾರ ಬಗ್ಗೆ ಬರೀಬೇಕು ಅಂತಿದ್ದೀರಿ?"

"ಟೇಪಕ್ಕನ ಬಗ್ಗೆ. ಎರಡೇ ಸಾಲು. ಒಳ್ಳೆಯದೇ."

"ಒಳ್ಳೆಯದೋ ಕೆಟ್ಟದ್ದೋ, ಇದರಲ್ಲಿ ಬರೆದರೆ ಆಯಮ್ಮನ ಮೇಲೂ ಕ್ರಮ ತಗೋಬೇಕಾಗುತ್ತೆ. ಹೋಗಿ ಬಾಯಲ್ಲಿ ಹೇಳಿ."

ಇಷ್ಟು ದೊಡ್ಡ ಆಲೋಚನೆ ತನಗೆ ಹೊಳೆಯದೆ ಗುಮಾಸ್ತರಿಗೆ ಹೊಳೆಯಿತಲ್ಲ ಎಂದು ಅಬ್ಬಬ್ಬನವರು ಕಣ್ಣುಬಿಟ್ಟು ಅವರನ್ನೇ ನೋಡಿದರು. ಆಮೇಲೆ ಬಿರಬಿರನೆ ನಡೆದು ತಿರುವಿಗೆ ಬಂದರು. ಯಂತ್ರದ ಮುಂದೆ ದಾರಿಗಡ್ಡವಾಗಿ ನಿಂತರು. ಲಕ್ಷಾಂತರ ಜನರ ಬಗ್ಗೆ ಒಂದೂವರೆ ಪುಟ ಬರೆದವರಿಗೆ ಒಬ್ಬರ ಮುಂದೆ ಮಾತು ತಡವರಿಸಿತು.

"ಟೇಪಕ್ಕ, ಇಲ್ಲಿ ಎದುರುಬದುರು ಇಬ್ಬರು ಬಂದಾಗ ನೀವು ಕಾಲು ತೆಗೆದು, ಸ್ಟೂಲು ಒಳಕ್ಕೆ ಎಳೆದುಕೊಳ್ತೀರಿ. ಅವರು ಹೋದಮೇಲೆ ಮತ್ತೆ ಮುಂದಕ್ಕೆ ತಗೋತೀರಿ. ಅರ್ಧ ಗಂಟೇಲಿ ಹದಿನಾಲ್ಕು ಸಲ. ನೀವು ಎಳೆದುಕೊಳ್ಳದೇ ಇದ್ದರೆ ಗೋಡೆಗೆ ಒರಗೋದಕ್ಕೆ ಜಾಗವೇ ಇಲ್ಲ. ನಾವು ಒಬ್ಬರಿಗೊಬ್ಬರು ದಾರಿ ಬಿಡ್ತಿದ್ದೀವಿ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಬಿಡ್ತಿದ್ದದ್ದು ನೀವು."

ಟೇಪಕ್ಕ ಕೈಯಲ್ಲಿದ್ದ ಬಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಹೇಳಿದರು.

"ಇನ್ನೊಂದು ಸಲ ಹೇಳಿ, ಅಣ್ಣ. ಯಂತ್ರದ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ."

ಯಂತ್ರ ಅಬ್ಬಬ್ಬನವರು ಬಾಯಿ ತೆರೆದಾಗಲೇ ನಿಂತಿತ್ತು. ಅದನ್ನು ಅವರ ಹಿಂದೆ ದಾರಿ ಸಿಗದೆ ನಿಂತಿದ್ದ ಹನ್ನೊಂದು ಮಂದಿಯೂ ಕಂಡಿದ್ದರು. ಅವರಲ್ಲಿ ಒಬ್ಬರೂ ಅವಸರ ಮಾಡಲಿಲ್ಲ. ಅಬ್ಬಬ್ಬನವರು ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಹೇಳಿದರು.